ಉಂಡು, ಇಜ್ಜಿ

ಹದಿಮೂರನೆಯ ಕಾಲಮ್ಮಿನಲ್ಲಿ ಪೆನ್ನು ನಿಂತಿತು.
'ಅರ್ಜಿದಾರರ ಹೆಸರಿನಲ್ಲಿ ಬೇರೆ ವ್ಯವಹಾರ ಇದೆಯೇ?'
ಹೌದು ಎಂಬುದಕ್ಕೊಂದು ಚೌಕ, ಇಲ್ಲ ಎಂಬುದಕ್ಕೊಂದು.
ನಡುವೆ ಅಕ್ಕಿಕಾಳು ಇಡುವಷ್ಟು ಬಿಳಿ ಜಾಗ.
ನಾನಿರುವುದು ಅಲ್ಲಿ.

ಬೈಕಂಪಾಡಿಯ ಮೀನಿನ ಫ್ಯಾಕ್ಟರಿ ಬಾಗಿಲು ಹಾಕಿ
ಇವತ್ತಿಗೆ ನಲವತ್ತೊಂದು ದಿನ.
ಹನ್ನೊಂದು ವರ್ಷ ಬೊಂಡಾಸು ತೂಗಿದ ಬೆರಳುಗಳು
ಈಗಲೂ ರಾತ್ರಿ ಎರಡಕ್ಕೆ ತಣ್ಣಗಾಗುತ್ತವೆ, ಶಿಫ್ಟು ನೆನಪಾಗಿ.
ಕೆಲಸ ಹೋದವರಿಗೆ ಇಎಸ್‌ಐಯಲ್ಲಿ ಹಣ ಉಂಟಂತೆ,
ಅರ್ಧ ಕೂಲಿ, ತೊಂಬತ್ತು ದಿನ,
ಜೀವಮಾನಕ್ಕೆ ಒಂದೇ ಸಲ
ಎಂದಿದ್ದಳು ಪ್ಯಾಕಿಂಗಿನ ಝೀನತ್.

ಕೌಂಟರಿನವರು ತುಳುವಿನಲ್ಲಿ ಕೇಳಿದರು:
'ಕಂಪನಿ ಉಂಡಾ?'
ಇದೆಯಾ, ಅಂತ.
ಕೈಯಲ್ಲಿದ್ದ ಫಾರ್ಮು ಕನ್ನಡದ್ದು, ಅದಕ್ಕೋ ಏನೋ
ಮಾತು ನನ್ನ ಕಿವಿಗೆ ಕನ್ನಡವಾಗಿ ಬಿತ್ತು.
ಉಂಡಿದೆ ಸರ್.
ಚೆನ್ನಾಗಿಯೇ ಉಂಡಿದೆ.
ನನ್ನ ಎರಡು ಬಳೆ, ಚೀಟಿಯ ಹಣ,
ಜೋಸ್ಲಿನಳ ಗಂಡನ ಸ್ಕೂಟರು, ಇಡೀ ಒಂದು ಬೇಸಗೆ.
ಉಂಡು, ಎಲೆ ಮಡಚದೆ ಅಲ್ಲೇ ಮಲಗಿದೆ.

ಮೂಡುಗಾಳಿ ಫುಡ್ಸ್ ಪ್ರೈವೇಟ್ ಲಿಮಿಟೆಡ್.
ಒಣ ಎಟ್ಟಿಯ ಚಟ್ನಿ, ಲೇಬಲ್ಲಿನಲ್ಲಿ ಮಾತ್ರ ಸೀಗಡಿ.
ನಿರ್ದೇಶಕರು ಇಬ್ಬರು, ನೌಕರರೂ ಅವರೇ.
ಎರಡನೆಯ ಮಳೆಗಾಲಕ್ಕೆ ಪೊಟ್ಟಣದೊಳಗೆ ಬೂಷ್ಟು.
ಆಮೇಲೆ ಏನೂ ಆಗಲಿಲ್ಲ.
ಏನೂ ಆಗದಿರುವುದು ಐದು ವರ್ಷದಿಂದ ಆಗುತ್ತಲೇ ಇದೆ.
ಉಳಿದ ಮೂರು ಸಾವಿರ ಲೇಬಲ್ಲಿನ ಬೆನ್ನಿನಲ್ಲಿ
ಲೆಕ್ಕ ಬಿಡಿಸಿ ಬಿಡಿಸಿ ಮಗ ಒಂಬತ್ತನೇ ಪಾಸಾದ.

'ಮುಚ್ಚಿಬಿಡಿ ಮಾರಾಯ್ತಿ' ಎಂದಿದ್ದರು
ಕೊಡಿಯಾಲಬೈಲಿನ ಲೆಕ್ಕದ ಮಾಲಿನಿ ಕಾಮತ್.
ಮುಚ್ಚಲಿಕ್ಕೆ ಎಷ್ಟು ಬೇಕು?
ಹೇಳಿದರು.
ಅವರ ಮೇಜಿನ ನೀರು ತೆಗೆದು ಕುಡಿದೆ.
ಹುಟ್ಟಿಸಲಿಕ್ಕೆ ಅಷ್ಟು ಆಗಿರಲಿಲ್ಲ.
ಲೆಕ್ಕ ಕಳಿಸದ ದಿನಕ್ಕೆ ನೂರರಂತೆ ದಂಡವಂತೆ.
ಸುಮ್ಮನಿದ್ದುದಕ್ಕೆ ಅದು ಕೊಡಬೇಕು, ದಿನಕ್ಕೆ ನೂರು;
ಸುಮ್ಮನಿದ್ದುದಕ್ಕೆ ನನಗೆ ಸಿಗಬೇಕು, ದಿನಕ್ಕೆ ಇನ್ನೂರ ಎಂಬತ್ತು.
ಒಂದೇ ಮಂಚ. ನಾನು ಮೇಲೆ, ಅದು ಕೆಳಗೆ.

ಕೌಂಟರಿನವರು ಒಳ್ಳೆಯವರು.
ಇಜ್ಜಿ ಎಂದು ಬರೆದರೆ ನನಗೇನು ಗೊತ್ತಾಗುತ್ತದೆ ಎನ್ನಲಿಲ್ಲ.
ಎನ್ನದೆ, ಕನ್ನಡಕ ಒರೆಸುತ್ತ
ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು.
ನಾನೂ ನೋಡಿದೆ.
ಸಿಟಿ ಬಸ್ಸಿನ ಬಾಗಿಲಿಗೆ ಜೋತ ಹುಡುಗ
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಕೂಗುತ್ತಿದ್ದ,
ಯಾರೂ ಹತ್ತಲಿಲ್ಲ.
ಹೌದಿಗೆ ಗುರುತು ಹಾಕಿದೆ.

'ಹಾಗಾದರೆ ಕಂಪನಿಯ ಪತ್ರ ಬೇಕು,
ನಿಮಗೆ ಸಂಬಳ ಕೊಡುತ್ತಿಲ್ಲ ಅಂತ.'
ಯಾರು ಬರೆಯಬೇಕು?
'ನಿರ್ದೇಶಕರು.'

ರಾತ್ರಿ ಮಂಚದಡಿ ತೆವಳಿ ಲೆಟರ್‌ಹೆಡ್ಡು ಎಳೆದೆ.
ಮೂಲೆ ಜಿರಲೆ ತಿಂದಿದೆ, ವಾಸನೆ ಹೋಗಿಲ್ಲ.
ಶ್ರೀಮತಿ ಹರಿಣಾಕ್ಷಿ ಎಂಬವರಿಗೆ ನಮ್ಮ ಸಂಸ್ಥೆಯು
ಇದುವರೆಗೆ ಏನನ್ನೂ ಕೊಟ್ಟಿರುವುದಿಲ್ಲ
ಎಂದು ಬರೆದೆ. ಸಾಕೆನಿಸಲಿಲ್ಲ.
ಅದಕ್ಕಾಗಿ ಸಂಸ್ಥೆ ವಿಷಾದಿಸುತ್ತದೆ, ಎಂದು ಸೇರಿಸಿದೆ.
ಮೊಹರಿನ ಪ್ಯಾಡು ಒಣಗಿತ್ತು.
ಎರಡು ಹನಿ ನೀರು ಬಿಟ್ಟು ಕಾದೆ.
ಮೊದಲ ಸಲ ಬರೀ ಒದ್ದೆ,
ಮೂರನೆಯ ಸಲಕ್ಕೆ ಪರವಾಗಿಲ್ಲ, ಓದಬಹುದು:
ನಿರ್ದೇಶಕಿ.

ಇನ್ನೊಂದು ಸಹಿ ಜೋಸ್ಲಿನಳದು.
ನಾಳೆ ಬೋಳಾರಕ್ಕೆ ಹೋಗಬೇಕು.
ಐದು ವರ್ಷದಲ್ಲಿ ಕಂಪನಿಯ ಮೊದಲ ಮೀಟಿಂಗು.
ಅವಳು ಮಾತಾಡುತ್ತಾಳೋ ಏನೋ,
ಗೇಟಿನ ಆ ಮುದಿ ನಾಯಿಗೆ
ನನ್ನ ಗುರುತು ಉಂಟೋ ಇಲ್ಲವೋ.