ಸ್ಟೇಜಿಲ್ಲದ ದಾರಿ

ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಹರತಾಳ.
ಯಾರು ಕರೆದದ್ದೋ, ಎಂತಕ್ಕೋ, ರಾತ್ರಿಯೇ ಮರೆತುಹೋಯಿತು.
ನಮ್ಮ ಶಾಲಿಮಾರ್ ಬಸ್ಸು ಮುಳ್ಳೇರಿಯದ ಬಂಕಿನ ಹಿಂದೆ
ಸಿಟ್ಟಾದ ಎಮ್ಮೆಯ ಹಾಗೆ ಮುಖ ತಿರುಗಿಸಿ ನಿಂತಿದೆ.
ಡ್ರೈವರ್ ತ್ಯಾಂಪಣ್ಣ ಕವುಚಿ ಮಲಗಿದ್ದಾರೆ.
ನನಗೆ ಹನ್ನೊಂದು ವರ್ಷದ ಚಾಳಿ: ನಾಲ್ಕೂವರೆಗೆ ಎಚ್ಚರ,
ಎಡಗೈ ಬೆರಳ ಸಂದಿಯಲ್ಲಿ
ನೋಟು ಮಡಚುವ ತುರಿಕೆ.

ಅಕ್ಕನ ಮಗ ಜಿತೇಶನ ಸೈಕಲ್ಲು.
ಸೀಟು ನನಗೊಂದು ಗೇಣು ಗಿಡ್ಡ,
ಹಿಂದಿನ ಬ್ರೇಕು ಹಿಡಿದರೆ ಬೆಕ್ಕು ಅತ್ತ ಸದ್ದು.
ಎಲ್ಲಿಗೆ, ಅಂದಳು ಅಕ್ಕ.
ಪಂಜಿಕಲ್ಲಿಗೆ, ಅಂದೆ.
ದಿನಕ್ಕೆ ಆರು ಸಲ ಕೂಗುವ ಊರು,
ಬಾಯಿಗೆ ಬೇರೆ ಬರಲಿಲ್ಲ.

ರಸ್ತೆಯ ನಡುವೆ ಯಾರೋ ಪುನರ್ಪುಳಿ ಸಿಪ್ಪೆ ಒಣಹಾಕಿದ್ದಾರೆ.
ಮುಂಗುಸಿಯೊಂದು ಆಚೀಚೆ ನೋಡದೆ ದಾಟಿತು.
ಕೊತ್ತಳಿಂಗೆಯ ಬ್ಯಾಟು ಹಿಡಿದ ಹುಡುಗರು
ಬಿಳಿಗೆರೆಯ ಮೇಲೆಯೇ ವಿಕೆಟ್ಟು ನೆಟ್ಟು
ನನ್ನ ಸೈಕಲ್ಲಿಗಾಗಿ ಒಂದು ಎಸೆತ ತಡೆದರು.
ಆದೂರಿನ ಸ್ಟಾಪಿನಲ್ಲಿ ಕುಳಿತ ಒಬ್ಬರು ಕೇಳಿದರು, ಬಸ್ಸುಂಟಾ?
ಉಂಟು, ಸೀಟಿಲ್ಲ, ಅಂದೆ.
ನಗಬೇಕೋ ಬೇಡವೋ ಅಂತ ಅವರು ಯೋಚಿಸುವಷ್ಟರಲ್ಲಿ
ನಾನು ಮುಂದಿನ ತಿರುವು.

ಎರಡನೇ ಗೇರಿನ ಗೊರಗೊರವನ್ನೇ
ಇಷ್ಟು ವರ್ಷ ಏರು ಅಂದುಕೊಂಡಿದ್ದೆ.
ಏರು ಬೇರೆಯೇ ಉಂಟು ಮಾರಾಯರೆ,
ಅದು ತೊಡೆಯಲ್ಲಿ ಶುರುವಾಗಿ ಹಲ್ಲಿನಲ್ಲಿ ಮುಗಿಯುತ್ತದೆ.

ಮತ್ತೆ ಹೊಳೆ.
ಹೊಳೆ ಅಂದರೆ ನನಗೆ ಬಲಗಡೆ ಸೀಟಿನವರು
ಎಲೆಯಡಿಕೆ ಉಗಿಯುವ ದಿಕ್ಕು, ಅಷ್ಟೇ.
ಪಗ್ಗು ತಿಂಗಳ ಪಯಸ್ವಿನಿ, ಬೆನ್ನೆಲುಬು ಕಾಣುವಷ್ಟು ಸಣಕಲು.
ಆದರೂ ಕಲ್ಲು ಕಲ್ಲಿಗೆ ಬೇರೆ ಬೇರೆ ಮಾತು:
ದೊಡ್ಡ ಬಂಡೆಗೆ ಗೊಣಗು, ಹರಳಿಗೆ ಕಿಸಕಿಸ,
ಮರಳು ಚೀಲದ ಕಟ್ಟದಲ್ಲಿ ಗಪ್‌ಚುಪ್ ನಿಂತು
ಕೆಳಗಿನ ತೂತಿನಿಂದ ಮೆಲ್ಲ ಜಾರುವುದು.
ನಾನು ಪೆಡಲು ನಿಲ್ಲಿಸಿದೆ.
ಚಕ್ರ ತಾನೇ ಟಿಕ್ ಟಿಕ್ ಎನ್ನುತ್ತ ಇಳಿಯಿತು,
ಗೇರುಹಣ್ಣಿನ ಹುಳಿವಾಸನೆಯೊಳಗೆ,
ಒಂದು ಕೆಂಬೂತದ ಕೂಗಿನೊಳಗೆ.
ಈ ದಾರಿಗೆ ಟಿಕೇಟು ಎಷ್ಟು ಹರಿಯಲಿ?

ನೀರ್ಮಜಲಿನ ತಿರುವಿನಲ್ಲಿ ಬಾಯಾರಿಕೆ.
ಮುರಕಲ್ಲಿಗೆ ಕೊರೆದ ಮೆಟ್ಟಿಲು, ಕೆಳಗೆ ಹೊಳೆಗೆ ತಾಗಿದ ಮನೆ.
ಹೊರಬಂದವರು ನನ್ನ ಮೂರನೇ ಸೀಟಿನ ಬೀಪಾತುಮ್ಮ!
ಓ ಕಂಡಕ್ಟರಾ, ಎಂದು ನಗುತ್ತ
ಉಪ್ಪು ಹಾಕಿದ ಗಂಜಿತಿಳಿ ಕೊಟ್ಟರು.
ನನ್ನ ಮುಖವನ್ನು ಎಂದೂ ಇಷ್ಟು ಹೊತ್ತು ನೋಡಿರಲಿಲ್ಲವೇನೋ,
ನಾನೂ ಅವರದನ್ನು.
ದೂರು ಹೇಳಲಿಲ್ಲ. ಲೋಟ ತೊಳೆದು ಕವುಚಿಟ್ಟರು.

ಅಲ್ಲಿಂದ ಸ್ಟಾಪಿಗೆ ಹತ್ತಿದೆ.
ಲೆಕ್ಕ ಹಾಕಿದೆ, ಕಂಡಕ್ಟರನಿಗೆ ಬೇರೇನು ಬರುತ್ತದೆ:
ನೂರಾ ನಲವತ್ತು ಪೆಡಲು,
ಕೊನೆಗೆ ಇಳಿದು ದೂಡಿದ್ದು ಬೇರೆ.
ಇಲ್ಲೇ ನಿಲ್ಲಿಸು ಮೋನೇ, ಎಂದು ಅವರು ಒಂದು ಕಾಲದಲ್ಲಿ ಕೇಳಿದ್ದರು.
ಸ್ಟಾಪು ಅಂದರೆ ಸ್ಟಾಪು, ಅಂದಿದ್ದೆ ನಾನು,
ಚಿಲ್ಲರೆ ಎಣಿಸುತ್ತ.
ಆಮೇಲೆ ಅವರು ಕೇಳಲಿಲ್ಲ.
ಅಕ್ಕಿಚೀಲ ಸೊಂಟಕ್ಕೇರಿಸಿ, ಬಂದ ದಾರಿಯಲ್ಲೇ
ಹಿಂದಕ್ಕೆ ನಡೆಯುತ್ತಿದ್ದರು;
ನಾನು ಎರಡು ಬೆಲ್ಲು ಹೊಡೆಯುತ್ತಿದ್ದೆ.

ಪಂಜಿಕಲ್ಲು ಮುಟ್ಟಲಿಲ್ಲ.
ಸಂಜೆ ಆರಕ್ಕೆ ಸರಿಯಾಗಿ ಎಲ್ಲೋ ಒಂದು ಲಾರಿ ಕೆಮ್ಮಿತು.
ಪುನರ್ಪುಳಿ ಗೋಣಿಗೆ ಹೋಯಿತು, ವಿಕೆಟ್ಟು ಕಿತ್ತರು,
ಹೊಳೆ ಮತ್ತೆ ಮೂಕಿಯಾಯಿತು.

ಮರುದಿನ ಸಂಜೆಯ ಟ್ರಿಪ್ಪು, ಕಾಲಿಡಲು ಜಾಗವಿಲ್ಲ.
ನೀರ್ಮಜಲಿನ ತಿರುವಿನಲ್ಲಿ ಹಗ್ಗ ಎಳೆದೆ, ಒಂದೇ ಬೆಲ್ಲು.
ತ್ಯಾಂಪಣ್ಣ ಕನ್ನಡಿಯಲ್ಲಿ ಹುಬ್ಬೇರಿಸಿದರು.
ಬಸ್ಸು ನಿಂತಿತು. ಎಲ್ಲರೂ ಇಣುಕಿದರು.
ಬೀಪಾತುಮ್ಮ ಮಾತ್ರ ಚೀಲವನ್ನು ಮಡಿಲಲ್ಲಿ ಬಿಗಿಹಿಡಿದು,
ಗುರುತಿಲ್ಲದವರಂತೆ ನನ್ನನ್ನು ನೋಡಿ ಅಂದರು:
ಸ್ಟಾಪು ಇನ್ನೂ ಮುಂದೆ ಅಲ್ವಾ ಮೋನೇ?