ಇಬ್ಬರು ಹುಸೇನಪ್ಪ

ಕೌಲ್ ಬಜಾರಿನ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ
ಶನಿವಾರ ಅಂದರೆ ಬಟವಾಡೆ.
ಕೆಂಪು ರಟ್ಟಿನ ಪುಸ್ತಕ ಮೂಲೆಗೆ ಸರಿಸಿ
ಕೂಲಿ ಲೆಕ್ಕಕ್ಕೆ ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ.
ಬರೆದೆ ಅನ್ನುವ ಜಂಬವೂ ಇತ್ತು.

ಸಂಜೆ ಕ್ಲಾಸಿನಲ್ಲಿ ಪಂಪಾಪತಿ ಸರ್ ಹೇಳಿದ್ದರು:
ಮ್ಯಾಪ್ ಅಂದರೆ ಗೋಡೆಯ ಭೂಪಟ ಅಲ್ಲ,
ಕೀಲಿಕೈಗಳ ಗೊಂಚಲು.
ಒಂದು ಕೀಲಿಕೈಗೆ ಒಂದೇ ಖಾನೆ.
ತೋರಿಸಿದರೆ ಸಾಕು, ಖಾನೆ ತಾನೇ ಬಂದು ನಿಲ್ಲುತ್ತದೆ,
ಸಾಲು ಸಾಲು ತಡಕುವ ಕೆಲಸವಿಲ್ಲ.
ಇನ್ನೇನು ಬೇಕು?
ಹೆಸರೇ ಕೀಲಿಕೈ, ಹೊಲಿದ ಪೀಸುಗಳೇ ಒಳಗಿನ ಮಾಲು.
ಮಾರೆಮ್ಮ, ಇನ್ನೂರ ಹತ್ತು.
ಶೇಕ್ಷಾವಲಿ, ನೂರ ಎಂಬತ್ತು.

ಮೊದಲ ಶನಿವಾರವೇ ಕಿಟಕಿಗೆ ಬಂದ
ಕುರುಗೋಡಿನ ಹುಸೇನಪ್ಪ,
ಸೊಂಟಪಟ್ಟಿ ಕೂಡಿಸುವವನು,
ಉಗುರಿನ ಸಂದಿಯ ನೀಲಿ ಭಾನುವಾರಕ್ಕೂ ಬಿಡದವನು.
ಪರದೆ ತೊಂಬತ್ತಾರು ಎಂದಿತು.
ಅವನು ಬೆರಳು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.
“ಮುನ್ನೂರ ನಲವತ್ತವ್ವ. ಗಂಟು ಇನ್ನೂ ಅಲ್ಲೇ ಅದಾವ ನೋಡು.
ನನ್ನ ಹೆಸರು ಐತೆ ಅಂತೀ, ಹಂಗಾರೆ ನಾನೆಲ್ಲಿ?”

ಅವನ ಹಿಂದೆಯೇ ನಿಂತಿದ್ದ ಉತ್ತರ:
ಗುರುವಾರ ಜೇಬಿನ ಕೆಲಸಕ್ಕೆ ಸೇರಿದ
ಮೋಕಾದ ಹುಸೇನಪ್ಪ.
ಇಬ್ಬರ ತಾಯಂದಿರೂ ಯಾವುದೋ ಮೊಹರಮ್ಮಿನಲ್ಲಿ
ಅಲಾಯಿ ಕುಣಿಯ ಮುಂದೆ ಸೆರಗೊಡ್ಡಿದವರು,
ಬೇರೆ ಬೇರೆ ಊರು, ಒಂದೇ ಹರಕೆ.
ಹೊಸಬ ಅದೇ ಕೀಲಿಕೈ ಹಿಡಿದು ಒಳಗೆ ಹೋಗಿದ್ದ.
ಕಂಪ್ಯೂಟರ್ ಗೊಣಗಲಿಲ್ಲ,
ಯಾರಪ್ಪಾ ನೀನು ಅನ್ನಲಿಲ್ಲ,
ಹಳಬನ ವಾರವನ್ನು ಹೊರಗೆ ಚೆಲ್ಲಿ
ಹೊಸಬನ ಮೂರು ದಿನ ತುಂಬಿಕೊಂಡಿತು.
ಕೀಲಿಕೈಯೇ ಕೈ ಕೊಟ್ಟಿತ್ತು.

ನೆಲದ ಮೇಲೆ ಕೂತು ಗಂಟು ಬಿಚ್ಚಿ
ಚೀಟಿ ಎಣಿಸಿ ಕೊಟ್ಟೆವು, ಅದು ಬೇರೆ ಮಾತು.

ಫೋನಿನಲ್ಲಿ ಸರ್ ನಕ್ಕರು.
“ಹೆಸರು ಬಿಡು. ಒಂದು ಕ್ಲಾಸ್ ಬರಿ,
ಮನುಷ್ಯನನ್ನೇ ಕೀಲಿಕೈ ಮಾಡು.
ಆದರೆ ಒಬ್ಬ ಇನ್ನೊಬ್ಬನೇ ಹೌದಾ ಅಲ್ಲವಾ
ಅನ್ನುವುದನ್ನ ನೀನೇ ಬರೆದುಕೊಡಬೇಕು.
ಅದಕ್ಕೆ ಗೊತ್ತಿರಲ್ಲ.
ಇನ್ನೊಂದು, ಒಳಗಿಟ್ಟ ಮೇಲೆ ಕೀಲಿಕೈ ಬದಲಾಗಬಾರದು.
ಬದಲಾದರೆ ಮಾಲು ಒಳಗೇ ಇರುತ್ತೆ,
ಯಾರ ಕೈಗೂ ಸಿಗಲ್ಲ.”

ಹತ್ತು ಗಂಟೆಯವರೆಗೆ ಕೂತೆ.
ಹುಸೇನಪ್ಪನಲ್ಲಿ ಬದಲಾಗದ್ದು ಯಾವುದು?
ಮಿಷನ್ ನಂಬರ್? ಸೂಜಿ ಮುರಿದ ದಿನ ಪಕ್ಕದ್ದಕ್ಕೆ ಕೂರುತ್ತಾನೆ.
ಫೋನು? ಅದು ಮಗಳದ್ದು.
ಹೆಬ್ಬೆಟ್ಟು? ದಪ್ಪ ಬಟ್ಟೆ ತಿಕ್ಕಿ ತಿಕ್ಕಿ ಗೆರೆಗಳೇ ಉಳಿದಿಲ್ಲ.
ಊರು? ಒಮ್ಮೆ ಕುರುಗೋಡು ಅನ್ನುತ್ತಾನೆ,
ಸಿಟ್ಟು ಬಂದರೆ ಹೆಂಡತಿಯ ಊರು.
ಹೊರಗೆ ವಾಷಿಂಗ್ ಘಟಕದ ನೀರು
ಚರಂಡಿಯಲ್ಲಿ ನೀಲಿಯಾಗಿ ಹರಿಯುತ್ತಿತ್ತು,
ಯಾರ ಪ್ಯಾಂಟಿನ ಬಣ್ಣ ಯಾವುದೋ.

ಕೊನೆಗೆ ಎಲ್ಲರೂ ಮಾಡುವುದನ್ನೇ ಮಾಡಿದೆ:
ಒಬ್ಬ ಹದಿನೇಳು, ಒಬ್ಬ ಮೂವತ್ತೊಂದು.
ಹೆಸರು ಈಗ ಕೀಲಿಕೈ ಅಲ್ಲ,
ಪೀಸುಗಳ ಪಕ್ಕ ಖಾನೆಯೊಳಗಿನ ಸಾಮಾನು.

ಮರುವಾರ ಕಿಟಕಿಗೆ ಬಂದ.
“ನಂಬರ್ ಹೇಳು ಕಾಕಾ.”
“ಹುಸೇನಪ್ಪ.”
“ಅದಲ್ಲ, ನಂಬರ್.”
“ನೀ ಕೊಟ್ಟಿದ್ದಲ್ಲವ್ವ, ನಿನಗೇ ನೆನಪಿರಬೇಕು. ಹುಸೇನಪ್ಪ.”

ಒಳಗಿನ ಸಾಮಾನು ಹೇಳಿ ಕೀಲಿಕೈ ಕೇಳಿದರೆ
ಅಡ್ಡದಾರಿ ಯಾವುದೂ ಇಲ್ಲ.
ಒಂದರಿಂದ ಹಿಡಿದು ಪ್ರತಿ ಖಾನೆಯ ಬಾಗಿಲು ಬಡಿಯಬೇಕು:
ಮಾರೆಮ್ಮಾ, ನೀನಲ್ಲ. ಶೇಕ್ಷಾವಲಿ, ನೀನೂ ಅಲ್ಲ.
ಜಂಬಣ್ಣ ಈ ವಾರ ನಲವತ್ತೇ, ಯಾಕೆ, ಜ್ವರವಾ?
ಹೀಗೆ ಶನಿವಾರಕ್ಕೊಮ್ಮೆ ಇಡೀ ಯೂನಿಟ್ಟನ್ನು
ಮಾತಾಡಿಸಿಕೊಂಡು ಹೋಗುವಾಗ
ಇಬ್ಬರು ಹುಸೇನಪ್ಪರೂ ಸಿಗುತ್ತಾರೆ.

“ಯಾವ ಹುಸೇನಪ್ಪ?” ಪರದೆ ನೋಡುತ್ತಲೇ ಕೇಳುತ್ತೇನೆ.
“ನಾನೇ,” ಅನ್ನುತ್ತಾನೆ.
ತಲೆ ಎತ್ತಿದರೆ,
ಹೌದು, ಅವನೇ.