ಇನ್ನೊಂದು ಬಿಸಿಲು

ಮಳೆಗಾಲಕ್ಕೆ ಕುಡ್ಲೆಯ ಶೆಡ್ಡು ಬಿಚ್ಚುವ ದಿನ
ಮಾಲೀಕ ಕೊಟ್ಟ ಉಳಿಕೆ: ಅರ್ಧ ಬಾಟ್ಲಿ ಎಣ್ಣೆ,
ಒಂದು ಪ್ಲಾಸ್ಟಿಕ್ ಕುರ್ಚಿ, ಆರು ಬೆಣ್ಣೆಹಣ್ಣು.
ತದಡಿ ಬಸ್ಸಿನಲ್ಲಿ ಸೀಟಿರಲಿಲ್ಲ,
ನನ್ನ ಕುರ್ಚಿ ಹಾಕಿಕೊಂಡು ಕೂತೆ.
ಕಂಡಕ್ಟರು ಅದಕ್ಕೂ ಟಿಕೇಟು ಹರಿದ.

ಐದು ಸೀಸನ್ನು ಅಲ್ಲಿ ಇದನ್ನೇ ಹಿಸುಕಿದ್ದೇನೆ.
ಗ್ವಾಕಮೋಲೆ.
ನಾಲಗೆ ಹೊರಳದೆ ಅಡುಗೆಮನೆಯ ನಾವೆಲ್ಲ
ಗೋಕಮ್ಮ ಅಂತಲೇ ಕರೆದೆವು.
‘ಮೂರನೇ ಟೇಬಲ್ಲಿಗೆ ಎರಡು ಗೋಕಮ್ಮ!’
ಬೆರಳು ನೆಕ್ಕಿ ಉಪ್ಪು ನೋಡಿದ್ದು ಬಿಟ್ಟರೆ
ಒಂದು ಬಟ್ಟಲು ಪೂರ್ತಿ ತಿಂದವಳಲ್ಲ ನಾನು.

ಇವತ್ತು ಮಾಡಿದ್ದು ತುಳಸತ್ತೆಗೆ.
ಸುಗ್ಗಿ ಮುಗಿದ ವಾರ ಕುಮಟೆಯ ಡಾಕ್ಟರು
ಅವಳ ಉಳಿದ ಒಂಬತ್ತು ಹಲ್ಲೂ ಕಿತ್ತರು.
ಹೊಸ ಸೆಟ್ಟು ಗ್ಲಾಸಿನ ನೀರಲ್ಲಿ ನಗುತ್ತಿದೆ,
ಅವಳಿಲ್ಲ.
ಗಂಜಿ. ಮತ್ತೆ ಗಂಜಿ.
ಮುಳ್ಳು ಬಿಡಿಸಿ ಹಿಸುಕಿದ ಬಂಗಡೆ, ಗಂಜಿ.

ನಲವತ್ತು ವರ್ಷ ಒಣಮೀನು ಮಾರಿದ ಬಾಯಿ ಅದು.
ದಕ್ಕೆಯ ಹಿಂದಿನ ಮರಳಲ್ಲಿ ಸಿಗಡಿ ಹರವಿ
ಸಂಜೆ ಒಂದನ್ನೆತ್ತಿ ದವಡೆಗಿಟ್ಟು
ಕಣ್ಣು ಮುಚ್ಚಿ ಕೇಳುವಳು.
ಕಟ್ ಅಂದರೆ ಚೀಲಕ್ಕೆ.
ಅನ್ನದಿದ್ದರೆ, ‘ಇನ್ನೊಂದು ಬಿಸಿಲು.’
ಉಳಿದವರು ಮೂಸಿ ನೋಡುವರು, ಮುರಿದು ನೋಡುವರು,
ತುಳಸತ್ತೆಗೆ ಹಲ್ಲೇ ತಕ್ಕಡಿ.
ಈ ಸಲ ಅಂಕೋಲೆಗೆ ಹೋದ ಎರಡು ಚೀಲ
ಮೆತ್ತಗಿದೆಯೆಂದು ವಾಪಸ್ಸು ಬಂತು.
ಆಮೇಲೆ ಅವಳು ಅಂಗಳಕ್ಕಿಳಿದಿಲ್ಲ.

ಹಣ್ಣು ಸೀಳಿದೆ.
ಬೀಜ ಕತ್ತಿಯ ಬಾಯಿ ಕಚ್ಚಿಕೊಂಡೇ ಬಂತು.
ಅಂಚಿಗೆ ಹಸಿರು, ನಡುವಿಗೆ ಸರಿದಂತೆ
ಅರಿಶಿನ ತಾಗಿದ ಬೆಣ್ಣೆ.
ಮಿಕ್ಸಿ ಮುಟ್ಟಲಿಲ್ಲ, ಗಂಟು ಉಳಿಯಲೆಂದು
ಬೆರಳಲ್ಲೇ ಹಿಸುಕಿದೆ.
ಅಳ್ವೆಕೋಡಿ ಈರುಳ್ಳಿಯ ಜಡೆಯಿಂದ ಒಂದು ಕಿತ್ತು
ಸಣ್ಣಗೆ ಹೆಚ್ಚಿದೆ, ಕಣ್ಣು ಉರಿಸದ ಸಿಹಿಯದು.
ಸಾಣಿಕಟ್ಟೆಯ ಹರಳುಪ್ಪು.
ನಿಂಬೆ ತೀರಿತ್ತು, ಎರಡು ಬಿಂಬ್ಲಿ ಜಜ್ಜಿ ಹಿಂಡಿದೆ.
ಸೂಜಿಮೆಣಸು ಅರ್ಧ.
ವಸಡು ಇನ್ನೂ ಹಸಿ.

‘ಎಂತದೇ ಇದು? ಸಗಣಿ ಕಲಸಿದ ಹಾಗಿದೆ.’
ಚಮಚದ ತುದಿಯಲ್ಲಿ ಎತ್ತಿ ಬಾಯಿಗಿಟ್ಟಳು.
ಕಾದೆ.
‘ಹೋದದ್ದೇ ಗೊತ್ತಾಗಲಿಲ್ಲ’ ಅಂದಳು.
ಹೊಗಳಿದ್ದಲ್ಲ.

ಆಗ ನನಗೆ ಸಿಟ್ಟು ಬಂತು, ಯಾರ ಮೇಲೋ.
ಆ ವಾಪಸ್ಸು ಬಂದ ಚೀಲಕ್ಕೇ ಕೈಹಾಕಿ
ಒಂದು ಬೊಗಸೆ ಸಿಗಡಿ ತೆಗೆದು
ತಲೆ ಚಿವುಟಿ, ಬಾಲ ಚಿವುಟಿ,
ಓಡಿನಲ್ಲಿ ಸಣ್ಣ ಉರಿಗೆ ಹುರಿಯುತ್ತ ನಿಂತೆ.
ಕಿಸ್ಮೂರಿಗೆ ಹುರಿದಂತೆ,
ಮೊದಲು ಬೆವರುತ್ತದೆ, ಆಮೇಲೆ ಹಗುರಾಗುತ್ತದೆ,
ಕಡೆಗೆ ಓಡಿನ ಮೇಲೆ ಒಣ ಎಲೆಯ ಹಾಗೆ ಮಾತಾಡುತ್ತದೆ.
ಪಕ್ಕದ ಮೋಂತಿಬಾಯಿಯ ಬೆಕ್ಕು ಕಿಟಕಿಗೆ ಬಂತು.
ಕಾಯಿತುರಿ ಹಾಕಿದೆ, ಕೆಂಪಗಾಯಿತು.

ಬಟ್ಟಲ ಮೇಲೆ ಸುರಿಯಹೋದವಳ ಕೈಗೆ
ಹಿಂದಿನಿಂದ ಒಂದು ಕೂಗು:
‘ತಡಿ! ಈಗಲೇ ಹಾಕಿದರೆ ನೆನೆದು ಹೋಗ್ತದೆ.’
ಗೋಡೆಯ ಕಡೆ ತಿರುಗಿ ನಿಂತಳು.
ಗ್ಲಾಸಿನ ನೀರು ತುಳುಕಿದ ಸದ್ದು.
ತಿರುಗಿದಾಗ ಬೇರೆ ಯಾರದೋ ಬಾಯಿ,
ಅದೇ ಕಣ್ಣು.

ನನ್ನ ಕುರ್ಚಿಯಲ್ಲಿ ಕೂತಳು.
ಹಸಿರಿನ ಮೇಲೆ ನಾಲ್ಕೇ ಸಿಗಡಿ ಇಟ್ಟುಕೊಂಡು
ದವಡೆಯ ಮೂಲೆಗೆ ಸರಿಸಿ
ಕಣ್ಣು ಮುಚ್ಚಿದಳು.

ನನಗೂ ಕೇಳಿಸಿತು. ಬೆಕ್ಕಿಗೂ.

‘ಇನ್ನೊಂದು ಬಿಸಿಲು ಬೇಕಿತ್ತು’ ಅಂದಳು.
ಸಿಗಡಿಗೋ, ಸೆಟ್ಟಿಗೋ, ಕೇಳಲಿಲ್ಲ.
ಅಘನಾಶಿನಿಯ ಅಳಿವೆಯ ಮೇಲೆ ಮೋಡ ಕೂತಿತ್ತು.
ನಾಳೆ ಬಿಸಿಲು ಬಂದರೆ ಎರಡೂ ಚೀಲ ಹರವಬೇಕಂತೆ,
ಮಧ್ಯಾಹ್ನದೊಳಗೆ ಮಗುಚಬೇಕಂತೆ.

ಬಟ್ಟಲು ಮುಂದೆ ಚಾಚಿದಳು.
‘ಇದರ ಹೆಸರೆಂತದೇ?’
‘ಗೋಕಮ್ಮ.’
ಕಟ್, ಕಟ್, ಅಗಿಯುತ್ತಲೇ ಯೋಚಿಸಿದಳು:
‘ಯಾರ ಪೈಕಿ?’